ಬೌಲ್ಡರ್‌ಗೂ ಲಾಂಗ್‌ಮಾಂಟ್‌ಗೂ ನಡುವಿನ ಹೊಲಗಳು ಮುಂದೆ ಲೇಔಟ್ ಆಗಲ್ಲ ಅನ್ನೋದು ನಿಜವಾ?

ಬಳ್ಳಾಪುರದ ಹುಡುಗ:

ಕೊಲೊರಾಡೊದಲ್ಲಿರೋ ಕನ್ನಡದವರಿಗೆ ನಮಸ್ಕಾರ. ಮನೆ ತಗೊಳ್ಳೋ ವಿಷಯದಲ್ಲಿ ಒಂದು ಅನುಮಾನ.

ನನ್ನ ಕೆಲಸ ಬೌಲ್ಡರ್‌ನಲ್ಲಿ, ಬಾಡಿಗೆ ಮನೆ ಲಾಂಗ್‌ಮಾಂಟ್‌ನಲ್ಲಿ. ದಿನಾ ಡಯಾಗನಲ್ ರಸ್ತೆಯಲ್ಲಿ, ಅದೇ ಹೈವೇ 119ರಲ್ಲಿ, ಹೋಗಿ ಬರ್ತೀನಿ. ಆ ಕಡೆ ಒಂದು ಲಕ್ಷ ಜನರ ಊರು, ಈ ಕಡೆಯೂ ಹತ್ತಿರ ಹತ್ತಿರ ಅಷ್ಟೇ. ಮಧ್ಯೆ ನೈವಾಟ್ ಅನ್ನೋ ಚಿಕ್ಕ ಊರೊಂದು ಬಿಟ್ಟರೆ ಬರೀ ಹೊಲ. ಸುತ್ತಿಟ್ಟ ಹುಲ್ಲಿನ ಉಂಡೆಗಳು, ನಾಲ್ಕು ಕುದುರೆ, ಹಿಂದೆ ಬೆಟ್ಟ. ನಾನು ದೊಡ್ಡಬಳ್ಳಾಪುರದಿಂದ ಯಲಹಂಕಕ್ಕೆ ಬಸ್ಸಿನಲ್ಲಿ ಓಡಾಡಿಕೊಂಡು ಓದಿದವನು. ದ್ರಾಕ್ಷಿ ತೋಟಕ್ಕೆ ಬಿಳಿ ಬಣ್ಣದ ಕಲ್ಲು ಬಂತು ಅಂದರೆ ಮುಂದಿನದ್ದು ಏನು ಅಂತ ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಇಲ್ಲಿ ಇಷ್ಟು ದುಡ್ಡಿರೋ ಊರುಗಳ ಮಧ್ಯೆ ಆ ಕಲ್ಲು ಯಾಕೆ ಬಂದಿಲ್ಲ ಅನ್ನೋದೇ ನನಗೆ ತಲೆಗೆ ಹೋಗ್ತಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಎರಡು ಮನೆ ನೋಡಿದ್ದೀವಿ. ಒಂದು ಲಾಂಗ್‌ಮಾಂಟ್‌ನ ನೈಋತ್ಯ ಅಂಚಿನಲ್ಲಿ, ನೆಲ್ಸನ್ ರೋಡ್ ಕಡೆ. ಹಳೇ ಮನೆ, ಅಡುಗೆಮನೆ ಕಿಷ್ಕಿಂಧೆ, ಆದರೆ ಹಿತ್ತಲ ಬೇಲಿ ಆಚೆಗೆ ಹೊಲ. ಏಜೆಂಟ್ ಹೇಳೋದು, "ಇದರ ಹಿಂದೆ ಜನ್ಮದಲ್ಲಿ ಯಾರೂ ಮನೆ ಕಟ್ಟಲ್ಲ, ಅದಕ್ಕೇ ಈ ರೇಟು." ಇನ್ನೊಂದು ಈರಿಯಲ್ಲಿ, ಕೌಂಟಿ ಲೈನ್ ರೋಡ್ ದಾಟಿ ವೆಲ್ಡ್ ಕೌಂಟಿ ಕಡೆ (ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ). ಹೊಸ ಮನೆ, ದೊಡ್ಡದು, ಬೇಸ್‌ಮೆಂಟ್ ಬೇರೆ. ಹೆಂಡತಿಗೆ ಅದು ಇಷ್ಟ. ಅದರ ಹಿಂದೆಯೂ ಹೊಲವೇ ಇದೆ, ಆದರೆ ಅಲ್ಲಿ ಯಾರೂ ಯಾವ ಮಾತೂ ಕೊಡ್ತಿಲ್ಲ.

ಈ ಹೊಲಗಳು ಯಾರವು? ಸಿಟಿ ಒಂದು ಸರ್ಕಾರ, ಕೌಂಟಿ ಇನ್ನೊಂದು ಸರ್ಕಾರ ಅಂತಾರೆ. ನಾಳೆ ಇಬ್ಬರಲ್ಲಿ ಒಬ್ಬರು ಮನಸ್ಸು ಬದಲಾಯಿಸಿದರೆ? ಆ "ಜನ್ಮದಲ್ಲಿ" ಅನ್ನೋ ಮಾತಿಗೆ ನಾನು ದುಡ್ಡು ಕೊಡಬೇಕಾ?


ಗಾಯತ್ರಿ ತಿಪಟೂರು:

ನಿಮ್ಮ ಏಜೆಂಟ್ ಅರ್ಧ ಸತ್ಯ ಹೇಳಿದ್ದಾರೆ. ಉಳಿದರ್ಧ ನಾನು ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡಿಕೊಂಡು ಕೂತುಕೊಳ್ಳಿ. ನಾನು ಲಾಂಗ್‌ಮಾಂಟ್‌ನಲ್ಲಿ ಒಂದು ಸಣ್ಣ ಸರ್ವೆ ಕಂಪನಿಯಲ್ಲಿ ನಕ್ಷೆ ಬರೆಯೋಳು. ಬೌಲ್ಡರ್ ಕೌಂಟಿಗೂ ವೆಲ್ಡ್ ಕೌಂಟಿಗೂ ಕಾಗದ ಸಲ್ಲಿಸೋದು ದಿನದ ಕೆಲಸ, ಹಾಗಾಗಿ ಎರಡೂ ಕಡೆ ಹೇಗೆ ನಡೆಯುತ್ತೆ ಅಂತ ಕಂಡಿದ್ದೀನಿ.

ಇಲ್ಲಿ ಜನಕ್ಕೆ ಪ್ರಕೃತಿ ಮೇಲೆ ಪ್ರೀತಿ ಜಾಸ್ತಿ, ಅದಕ್ಕೇ ಹೊಲ ಉಳಿದಿದೆ ಅಂತ ಯಾರಾದರೂ ಹೇಳಿದರೆ ತಲೆ ಆಡಿಸಿ ಸುಮ್ಮನಿರಿ. ಪ್ರೀತಿ ಎಲ್ಲ ಊರಿನವರಿಗೂ ಇರುತ್ತೆ. ಇಲ್ಲಿ ಉಳಿದಿದ್ದು ಯಾಕೆ ಅಂದರೆ, ನೀರಿನ ಪೈಪು ಸಿಟಿ ಕೈಲಿದೆ, ಮನೆ ಕಟ್ಟೋ ಅನುಮತಿ ಕೌಂಟಿ ಕೈಲಿದೆ. ಇಬ್ಬರೂ ಕೂತು ಒಂದೇ ನಕ್ಷೆಗೆ ಸಹಿ ಹಾಕಿದರು. ಒಬ್ಬರೇ ಹಾಕಿದ್ದರೆ ಉಳೀತಿರಲಿಲ್ಲ.

ಮೊದಲು ಸಿಟಿ ಒಬ್ಬರೇ ಮಾಡಿ ನೋಡಿದರು. 1959ರಲ್ಲಿ ಬೌಲ್ಡರ್ ಜನ ವೋಟು ಹಾಕಿ ಒಂದು ಗೆರೆ ಎಳೆದರು, ಬ್ಲೂ ಲೈನ್ ಅಂತ. ಸಮುದ್ರ ಮಟ್ಟದಿಂದ 5,750 ಅಡಿಗಿಂತ ಮೇಲೆ ಊರಿನ ನೀರು ಕೊಡೋ ಹಾಗಿಲ್ಲ. ನೀರಿಲ್ಲದ ಕಡೆ ಲೇಔಟ್ ಮಾಡೋನು ಯಾರು? ಬೆಟ್ಟದ ಮೈ ಹಾಗೆ ಉಳೀತು. ಅದನ್ನು ಶುರು ಮಾಡಿದವರಲ್ಲಿ ಒಬ್ಬರು ಆಲ್ಬರ್ಟ್ ಬಾರ್ಟ್‌ಲೆಟ್ ಅಂತ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಮೇಷ್ಟ್ರು. 1967ರಲ್ಲಿ ಮತ್ತೆ ವೋಟು: 100 ಡಾಲರ್ ಸಾಮಾನು ಕೊಂಡರೆ 40 ಸೆಂಟ್ ತೆರಿಗೆ, ಆ ದುಡ್ಡು ಜಮೀನು ಕೊಳ್ಳೋಕೆ. ಜಮೀನು ಕೊಂಡು ಖಾಲಿ ಬಿಡೋಕೆ ಜನ ತಾವೇ ತೆರಿಗೆ ಹಾಕಿಕೊಂಡ ಮೊದಲ ಅಮೆರಿಕನ್ ಊರು ಇದು.

ಆದರೆ ಪಶ್ಚಿಮಕ್ಕೆ ಬೆಟ್ಟ ಇತ್ತು, ಗೆರೆ ಎಳೆಯೋದು ಸುಲಭ. ಪೂರ್ವಕ್ಕೆ ಬಯಲು, ಊರಿನ ಎಲ್ಲೆ ದಾಟಿದರೆ ಕೌಂಟಿ. ಗನ್‌ಬ್ಯಾರೆಲ್ ಗೊತ್ತಲ್ಲ, ಡಯಾಗನಲ್‌ನಲ್ಲಿ ಬೌಲ್ಡರ್ ಹತ್ತಿರ ಬಂದಾಗ ಸಿಗುತ್ತೆ. ಅಲ್ಲಿ ಸುಮಾರು 80 ಎಕರೆ ಇದ್ದವರು ಮನೆಗಳನ್ನು ಕಟ್ಟಬೇಕು, ನೀರು ಒಳಚರಂಡಿ ಕೊಡಿ ಅಂತ ಸಿಟಿಗೆ ಅರ್ಜಿ ಹಾಕಿದರು. ನಮ್ಮ ಪ್ಲಾನ್‌ಗೆ ಹೊಂದಲ್ಲ, ಕೊಡಲ್ಲ ಅಂತು ಸಿಟಿ. ಕೋರ್ಟಿಗೆ ಹೋಯ್ತು. ರಾಬಿನ್‌ಸನ್ ವಿರುದ್ಧ ಬೌಲ್ಡರ್ ಸಿಟಿ, ಕೊಲೊರಾಡೊ ಸುಪ್ರೀಂ ಕೋರ್ಟ್, 1976. ಸಿಟಿ ಸೋತಿತು. ಆ ಪ್ರದೇಶಕ್ಕೆ ನೀರು ಕೊಡೋರು ನೀವೊಬ್ಬರೇ ಅಂದಮೇಲೆ ಊರು ಬೆಳೆಯುತ್ತೆ ಅನ್ನೋ ಕಾರಣಕ್ಕೆ ಇಲ್ಲ ಅನ್ನೋ ಹಾಗಿಲ್ಲ, ಎಲ್ಲೆ ಆಚೆ ಏನು ಕಟ್ಟಬಹುದು ಅಂತ ತೀರ್ಮಾನ ಮಾಡೋದು ಕೌಂಟಿ, ನೀವಲ್ಲ, ಅಂದಿತು ಕೋರ್ಟು.

ಸಿಟಿಗೆ ಬುದ್ಧಿ ಬಂದಿದ್ದು ಅಲ್ಲಿ ಅಂತ ನನ್ನ ಅಭಿಪ್ರಾಯ. ಕೌಂಟಿ ಜೊತೆ ಕೂರದೆ ಬೇರೆ ದಾರಿ ಇರಲಿಲ್ಲ. 1970ರಲ್ಲಿ ಶುರುವಾಗಿದ್ದ ಬೌಲ್ಡರ್ ವ್ಯಾಲಿ ಪ್ಲಾನ್ ಆ ದಶಕ ಮುಗಿಯೋ ಹೊತ್ತಿಗೆ ಇಬ್ಬರೂ ಸಹಿ ಹಾಕಿದ ಒಪ್ಪಂದದ ಜೊತೆ ಬಿಗಿಯಾಯ್ತು. ಅದರಲ್ಲಿ ಜಮೀನು ಮೂರು ಪಾಲು. ಏರಿಯಾ ಒಂದು ಅಂದರೆ ಈಗಾಗಲೇ ಊರಿನೊಳಗಿದ್ದದ್ದು. ಎರಡು ಅಂದರೆ ಇವತ್ತು ಕೌಂಟಿಯದ್ದು, ಮುಂದೆ ಊರಿಗೆ ಸೇರಬಹುದಾದದ್ದು. ಮೂರು ಅಂದರೆ ಹಳ್ಳಿಯಾಗೇ ಇರಬೇಕಾದದ್ದು. ಮೂರರಿಂದ ಎರಡಕ್ಕೆ ತರಬೇಕು ಅಂದರೆ ಸಿಟಿ ಕೌನ್ಸಿಲ್, ಸಿಟಿ ಪ್ಲಾನಿಂಗ್ ಬೋರ್ಡ್, ಕೌಂಟಿ ಕಮಿಷನರ್‌ಗಳು, ಕೌಂಟಿ ಪ್ಲಾನಿಂಗ್ ಕಮಿಷನ್, ಈ ನಾಲ್ಕೂ ಹೂಂ ಅನ್ನಬೇಕು. ನಾಲ್ಕು ಕಡೆ ಹೂಂ ಅನ್ನಿಸಿಕೊಂಡು ಬರೋದು ಎಷ್ಟು ಕಷ್ಟ ಅಂತ ಆ ಮೀಟಿಂಗ್‌ಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದವಳು ನಾನು. ರಾತ್ರಿ ಊಟದ ಹೊತ್ತು ಮೀರಿದರೂ ಮೈಕ್ ಮುಂದೆ ಕ್ಯೂ ಕರಗಲ್ಲ.

ಕೌಂಟಿ ತನ್ನ ಪಾಲಿಗೆ ಮಾಡಿದ್ದು ಇನ್ನೂ ಬಿಗಿ. ಊರುಗಳ ಆಚೆ ಕೃಷಿ ವಲಯದಲ್ಲಿ 35 ಎಕರೆಗೆ ಒಂದೇ ಮನೆ. 35 ಎಕರೆ ಅಂದ ತಕ್ಷಣ ನಮ್ಮವರ ತಲೆಯಲ್ಲಿ ಥರ್ಟಿ ಫಾರ್ಟಿ ಲೆಕ್ಕ ಓಡುತ್ತೆ. ರಸ್ತೆ, ಪಾರ್ಕು ಬಿಟ್ಟರೂ ಏಳ್ನೂರು ಸೈಟು. ಅಲ್ಲಿ ಒಂದು. ಆಮೇಲೆ 1993ರಲ್ಲಿ ಕೌಂಟಿ ಪೂರ್ತಿ ಜನ ವೋಟು ಹಾಕಿ ಇನ್ನೊಂದು ತೆರಿಗೆ ತಂದರು, 100 ಡಾಲರ್‌ಗೆ 25 ಸೆಂಟ್. ಈಗ ಕೌಂಟಿ ಕೊಂಡಿದ್ದು, ಹಕ್ಕು ಪಡೆದಿದ್ದು ಎಲ್ಲ ಸೇರಿ ಒಂದು ಲಕ್ಷ ಎಕರೆಗೂ ಮೇಲೆ. ಬೌಲ್ಡರ್ ಸಿಟಿಯದ್ದೇ ಬೇರೆ 46,000 ಎಕರೆ ಚಿಲ್ಲರೆ.

ಹಾಗಾಗಿ ನಿಮ್ಮ ಬೇಲಿ ಆಚೆ ಇರೋ ಹೊಲ ಮೂರರಲ್ಲಿ ಒಂದಾಗಿರುತ್ತೆ. ಸಿಟಿನೋ ಕೌಂಟಿನೋ ಪೂರ್ತಿ ಕೊಂಡು ರೈತನಿಗೆ ಗುತ್ತಿಗೆ ಕೊಟ್ಟಿರೋದು. ಅಥವಾ ರೈತನದ್ದೇ ಜಮೀನು, ಆದರೆ ಕಟ್ಟೋ ಹಕ್ಕನ್ನು ಮಾತ್ರ ಕೌಂಟಿಗೆ ಮಾರಿರೋದು. ಇದನ್ನು ಕನ್ಸರ್ವೇಷನ್ ಈಸ್‌ಮೆಂಟ್ ಅಂತಾರೆ, ಮಗನಿಗೆ ಹೋದರೂ ಬೇರೆಯವರಿಗೆ ಮಾರಿದರೂ ಆ ಷರತ್ತು ಜಮೀನಿಗೇ ಅಂಟಿಕೊಂಡು ಹೋಗುತ್ತೆ. ಮೂರನೇದು, ಯಾವ ಮಾರಾಟವೂ ಆಗದೆ ಬರೀ 35 ಎಕರೆ ನಿಯಮದ ಮೇಲೆ ನಿಂತಿರೋದು. ಮೊದಲೆರಡಕ್ಕೆ ನಿಮ್ಮ ಏಜೆಂಟ್ ಹೇಳೋ "ಜನ್ಮದಲ್ಲಿ" ಹೆಚ್ಚು ಕಡಿಮೆ ಸರಿ. ಮೂರನೇದಕ್ಕೆ ನಾನು ಒಂದು ಡಾಲರೂ ಹೆಚ್ಚಿಗೆ ಕೊಡಲ್ಲ. ಲಾಂಗ್‌ಮಾಂಟ್ ತನ್ನ ಸುತ್ತ ಒಂದು ಪ್ಲಾನಿಂಗ್ ಏರಿಯಾ ಗುರುತು ಮಾಡಿಕೊಂಡಿದೆ, ಅದರೊಳಗೆ ಬಿದ್ದಿದ್ದರೆ ಇವತ್ತಲ್ಲ ನಾಳೆ ಊರಿಗೆ ಸೇರೋದೇ ಅದರ ಹಣೆಬರಹ.

ಕೌಂಟಿ ಅಸೆಸರ್ (ಆಸ್ತಿ ತೆರಿಗೆಗೆ ಬೆಲೆ ಕಟ್ಟೋ ಕಚೇರಿ) ವೆಬ್‌ಸೈಟಿಗೆ ಹೋಗಿ, ನಕ್ಷೆಯಲ್ಲಿ ಆ ಹೊಲದ ಮೇಲೆ ಒತ್ತಿ. ಮಾಲೀಕರ ಹೆಸರು ಅಲ್ಲೇ ಬರುತ್ತೆ, ಪುಕ್ಕಟೆ.


ಬಳ್ಳಾಪುರದ ಹುಡುಗ:

ಮೇಡಂ, ತುಂಬಾ ಥ್ಯಾಂಕ್ಸ್. ಒತ್ತಿ ನೋಡಿದೆ. ಮಾಲೀಕರು ಅನ್ನೋ ಕಡೆ ಬೌಲ್ಡರ್ ಕೌಂಟಿ ಅಂತಲೇ ಇದೆ. ಆದರೆ ಒಂದು ವಿಷಯ ಗೊತ್ತಾಗಲಿಲ್ಲ. ಕೌಂಟಿ ಜಮೀನು ಕೊಂಡಮೇಲೂ ಅಲ್ಲಿ ಆಲ್ಫಾಲ್ಫಾ ಅನ್ನೋ ಮೇವಿನ ಬೆಳೆ ಹಸಿರಾಗಿದೆ, ಜುಲೈ ಬಿಸಿಲಲ್ಲೂ ನೀರು ಹರೀತಿದೆ. ಆ ನೀರು ಯಾರದ್ದು? ನಮ್ಮ ಮನೆಗೆ ಸ್ಪ್ರಿಂಕ್ಲರ್ ಹಾಕೋಕೆ ವಾರದಲ್ಲಿ ಇಷ್ಟೇ ದಿನ ಅಂತಾರೆ!


ಗಾಯತ್ರಿ ತಿಪಟೂರು:

ಅಕ್ಕ ಅನ್ನಿ ಸಾಕು, ಮೇಡಂ ಬೇಡ.

ಒಳ್ಳೇ ಕಡೆ ಕೈ ಇಟ್ಟಿರಿ. ಈ ರಾಜ್ಯದಲ್ಲಿ ಜಮೀನು ಬೇರೆ, ನೀರು ಬೇರೆ. ಹೊಲ ಮಾರದೆ ನೀರಿನ ಹಕ್ಕು ಮಾತ್ರ ಮಾರಬಹುದು. ಡೆನ್ವರ್ ಸುತ್ತಲಿನ ಊರುಗಳು ಬೆಳೆದಂತೆಲ್ಲ ಎಷ್ಟೋ ಕಡೆ ಹಾಗೇ ಆಗಿದೆ: ಊರಿನವರು ಬಂದು ಕಾಲುವೆ ಕಂಪನಿಯ ಷೇರು, ಅಂದರೆ ಆ ನೀರಿನ ಪಾಲು, ಕೊಂಡು ನಲ್ಲಿಗೆ ತಿರುಗಿಸಿಕೊಂಡರು, ಹಿಂದೆ ಉಳಿದ ಹೊಲದಲ್ಲಿ ಧೂಳು ಮತ್ತು ಮುಳ್ಳು. ಮನೆ ಕಟ್ಟದೇನೇ ಹೊಲ ಸಾಯಿಸೋ ವಿಧಾನ ಅದು. ಅದಕ್ಕೇ ಇಲ್ಲಿ ಸಿಟಿ, ಕೌಂಟಿ ಜಮೀನು ಕೊಳ್ಳುವಾಗ ಅದರ ಜೊತೆಗಿನ ಕಾಲುವೆ ಷೇರುಗಳನ್ನೂ ಕೊಳ್ಳೋದು. ಜಮೀನಿನ ಜೊತೆ ನೀರೂ ಗುತ್ತಿಗೆದಾರನಿಗೆ ಹೋಗುತ್ತೆ.

ನೈವಾಟ್ ಹತ್ತಿರ ಒಂದು ಹೊಲಕ್ಕೆ ಸರ್ವೆಗೆ ಹೋಗಿದ್ದೆ. ಕಾಲುವೆ ಅಂದರೆ ಏನೋ ದೊಡ್ಡದಲ್ಲ, ಒಂದು ನೆಗೆತಕ್ಕೆ ದಾಟಬಹುದು, ಎರಡು ದಡದಲ್ಲಿ ಕಾಟನ್‌ವುಡ್ ಮರ. ಹೊಲದ ಮೂಲೆಯಲ್ಲಿ ತೂಬು: ತುಕ್ಕು ಹಿಡಿದ ಕಬ್ಬಿಣದ ಹಲಗೆ, ಮೇಲೆ ತಿರುಗಿಸೋ ಚಕ್ರ, ಚಕ್ರಕ್ಕೆ ಸರಪಳಿ, ಸರಪಳಿಗೆ ಬೀಗ. ಬೀಗದ ಕೈ ರೈತನ ಹತ್ತಿರ ಇಲ್ಲ, ಕಾಲುವೆ ಕಂಪನಿಯ ನೀರುಗಂಟಿ ಹತ್ತಿರ. ಅವನು ಪಿಕಪ್ ಟ್ರಕ್ಕಿನಲ್ಲಿ ಬಂದು, ಮೋರಿಯಲ್ಲಿ ನೆಟ್ಟ ಅಳತೆ ಪಟ್ಟಿ ನೋಡಿ, ಚಕ್ರವನ್ನು ಇಷ್ಟೇ ಇಷ್ಟು ತಿರುಗಿಸಿ, ಮತ್ತೆ ಬೀಗ ಹಾಕಿ ಹೊರಟ. ತಿಪಟೂರು ಕಡೆ ಕೆರೆ ತೂಬಿನ ಹತ್ತಿರ ಇದೇ ಗತ್ತಿನ ಮನುಷ್ಯನನ್ನು ನೋಡಿದ್ದೆ, ಹೆಗಲ ಮೇಲೆ ಟವಲ್ ಒಂದು ಕಮ್ಮಿ ಅಷ್ಟೇ. ಗುತ್ತಿಗೆದಾರ ಹೇಳಿದ್ದು: ಮೊದಲು ನೀರು ತಿರುಗಿಸಿದವನಿಗೆ ಮೊದಲ ಹಕ್ಕು, ಬರ ಬಂದರೆ ಆಮೇಲೆ ಬಂದವರ ತೂಬು ಮೊದಲು ಮುಚ್ಚುತ್ತೆ. ಆ ನಿಯಮ ಪಕ್ಕಾ ಆಗಿದ್ದೇ ಈ ಕೌಂಟಿಯ ಲೆಫ್ಟ್ ಹ್ಯಾಂಡ್ ಕಾಲುವೆ ಕೇಸಿನಲ್ಲಿ, 1882ರಲ್ಲಿ.

ಹಾಗಂತ ಗುತ್ತಿಗೆದಾರರು ಖುಷಿಯಾಗಿದ್ದಾರೆ ಅಂತಲ್ಲ. ಸರ್ಕಾರ ಮಾಲೀಕ ಅಂದಮೇಲೆ ಯಾವ ಬೀಜ ಹಾಕಬೇಕು ಅನ್ನೋದರ ಬಗ್ಗೆಯೂ ಸಭೆ ನಡೆಯುತ್ತೆ. ಪ್ರೈರಿ ಡಾಗ್ ಅಂತ ಅಳಿಲಿನ ಜಾತಿಯ ಪ್ರಾಣಿ ಇದೆಯಲ್ಲ, ರಸ್ತೆ ಪಕ್ಕ ಬಿಲದ ಬಾಯಲ್ಲಿ ಎದ್ದು ನಿಂತಿರುತ್ತೆ, ಮಕ್ಕಳು ಫೋಟೋ ತೆಗೀತಾರೆ. ಅದು ನೀರಾವರಿ ಹೊಲಕ್ಕೆ ಹೊಕ್ಕರೆ ಬೇರೂ ಇಲ್ಲ ಮಣ್ಣೂ ಇಲ್ಲ. ನೀರಾವರಿ ಜಮೀನಿನಲ್ಲಿ ಅದನ್ನು ಕೊಲ್ಲಬಹುದಾ ಬೇಡವಾ ಅನ್ನೋ ಜಗಳ ಎಷ್ಟೋ ವರ್ಷ ನಡೆದು 2020ರಲ್ಲಿ ಬೌಲ್ಡರ್ ಕೌನ್ಸಿಲ್ ಒಪ್ಪಿಗೆ ಕೊಟ್ಟಿತು. ಅವತ್ತು ಅಳುತ್ತಾ ಮಾತಾಡಿದವರೂ ಇದ್ದರು.


ಫೈರ್‌ಸ್ಟೋನ್ ಮಂಜು:

ಗಾಯತ್ರಿ ಅವರೇ, ನೀವು ಹೇಳಿದ್ದೆಲ್ಲ ಸರಿ ಇರಬಹುದು. ಆದರೆ ಅದರ ಬಿಲ್ಲು ಕಟ್ಟುತ್ತಾ ಇರೋರು ಯಾರು ಅಂತಲೂ ಸ್ವಲ್ಪ ಹೇಳ್ರೀ.

ನಾನೂ ಬೌಲ್ಡರ್‌ನಲ್ಲೇ ಕೆಲಸ ಮಾಡೋನು. ಅಲ್ಲಿ ಹುಲ್ಲು ಉಳಿಸಿದ್ದಾರೆ, ಬೆಟ್ಟ ಉಳಿಸಿದ್ದಾರೆ, 1971ರಿಂದ 55 ಅಡಿಗಿಂತ ಎತ್ತರದ ಕಟ್ಟಡವೂ ಬೇಡ ಅಂದಿದ್ದಾರೆ. ಅಗಲಕ್ಕೂ ಬೆಳೆಯಲ್ಲ, ಎತ್ತರಕ್ಕೂ ಬೆಳೆಯಲ್ಲ, ಆದರೆ ಆಫೀಸು ಮಾತ್ರ ಬರಲಿ. ಕೊನೆಗೆ ಆಗಿದ್ದೇನು? ಹತ್ತು ಲಕ್ಷ ಡಾಲರ್ ಇಲ್ಲದೆ ಅಲ್ಲಿ ಒಂದು ಸಾಧಾರಣ ಬಿಡಿ ಮನೆ ಸಿಗಲ್ಲ. ನಮ್ಮಂಥವರು ಕೌಂಟಿ ಗೆರೆ ದಾಟಿ ವೆಲ್ಡ್‌ಗೆ ಬಂದ್ವಿ. ಫೈರ್‌ಸ್ಟೋನ್, ಫ್ರೆಡ್ರಿಕ್, ಡಕೋನೊ, ಈರಿ, ಇವೆಲ್ಲ ಬೆಳೆದಿದ್ದು ಯಾಕೆ? ಬೌಲ್ಡರ್ ಬೆಳೆಯಲ್ಲ ಅಂದಿದ್ದಕ್ಕೆ. ಅಲ್ಲಿ ಒಂದು ಹೊಲ ಉಳಿದರೆ ಇಲ್ಲಿ ಒಂದು ಹೊಲ ಹೋಯ್ತು, ಜೊತೆಗೆ ನಮ್ಮ ಕಾರಿನ ಹೊಗೆ. ಬೆಳಿಗ್ಗೆ ಹೈವೇ 52ರಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೋಗೋ ದೀಪಗಳ ಸಾಲು ನೋಡಿ, ಗೊತ್ತಾಗುತ್ತೆ.

ಬೌಲ್ಡರ್ ಶಾಲೆ ಟೀಚರ್, ನರ್ಸು, ಬಸ್ ಡ್ರೈವರ್ ಎಷ್ಟು ಜನ ಬೌಲ್ಡರ್‌ನಲ್ಲಿ ಮನೆ ಮಾಡಿದ್ದಾರೆ ಕೇಳಿ ನೋಡಿ. ಪ್ರಶ್ನೆ ಹಾಕಿದ ತಮ್ಮಾ, ಹೆಂಡತಿ ಮಾತು ಕೇಳು, ಈರಿ ಮನೆ ತಗೋ.


ಗಾಯತ್ರಿ ತಿಪಟೂರು:

ಮಂಜು ಅವರೇ, ನೀವು ಹೇಳಿದ್ದರಲ್ಲಿ ನನಗೆ ಜಗಳ ಇಲ್ಲ. ಸಿಟಿ ಕೌಂಟಿ ಕೂಡಿ ಹೊಲ ಉಳಿಸಿದ್ದು ಒಪ್ಪಂದದ ಗೆಲುವು. ಊರೊಳಗೆ ಮನೆ ಕಟ್ಟಿಸೋ ವಿಷಯಕ್ಕೆ ಅದೇ ಹುಮ್ಮಸ್ಸು ತೋರಿಸದೇ ಇದ್ದದ್ದು ಅವರ ಸೋಲು. ಹೊರಗೆ ಬೇಡ ಅಂದ ಮೇಲೆ ಒಳಗೆ ಬೇಕು ಅನ್ನಬೇಕಲ್ಲ. ಒಳಗೆ ನಾಲ್ಕು ಮಹಡಿ ಅಪಾರ್ಟ್‌ಮೆಂಟ್ ಅಂದರೂ ಅದೇ ಮೈಕ್ ಮುಂದೆ ಅದೇ ಜನ ಬಂದು ನಿಲ್ತಾರೆ. ಅದನ್ನು ಹೊಲದ ಲೆಕ್ಕಕ್ಕೆ ಹಾಕಬೇಡಿ ಅಂತ ಮಾತ್ರ ನನ್ನ ವಾದ.

ಇನ್ನೊಂದು. ಗೆರೆ ಇಲ್ಲದಿದ್ದರೆ ಏನಾಗ್ತಿತ್ತು ಅಂತಲೂ ನೋಡಿ. ಈ ರಾಜ್ಯದಲ್ಲಿ ಊರುಗಳ ಆದಾಯ ಹೆಚ್ಚಾಗಿ ಸೇಲ್ಸ್ ಟ್ಯಾಕ್ಸ್‌ನಿಂದ. ದೊಡ್ಡ ಅಂಗಡಿ ಯಾವ ಊರಿನ ಎಲ್ಲೆಯೊಳಗೆ ಬರುತ್ತೋ ದುಡ್ಡು ಆ ಊರಿಗೆ. ಹಾಗಾಗಿ ಊರೂರು ಪೈಪೋಟಿ ಮೇಲೆ ಹೆದ್ದಾರಿ ಪಕ್ಕದ ಹೊಲ ಸೇರಿಸಿಕೊಳ್ಳೋಕೆ ಓಡುತ್ತವೆ. ಸೇರಿಸಿಕೊಳ್ಳೋಕೆ ಆ ಜಮೀನಿನ ಸುತ್ತಳತೆಯಲ್ಲಿ ಆರನೇ ಒಂದು ಭಾಗ ಊರಿಗೆ ತಾಗಿರಬೇಕು ಅಂತ ಕಾನೂನು. ತಾಗದಿದ್ದರೆ ಒಂದೊಂದೇ ತುಂಡು ಸೇರಿಸುತ್ತಾ ಹೋಗಿ ತಾಗಿಸ್ತಾರೆ. ಬಾಲದ ಹಾಗೆ ಉದ್ದಕ್ಕೆ ಚಾಚಿದ ಎಲ್ಲೆಗಳನ್ನು ನಾನೇ ನಕ್ಷೆಯಲ್ಲಿ ಬರೆದಿದ್ದೀನಿ. ಬೌಲ್ಡರ್ ಕೌಂಟಿಯಲ್ಲಿ ಆ ಓಟ ತಗ್ಗಿದ್ದು ಕೌಂಟಿ ಮತ್ತು ಊರುಗಳು ಕೂತು "ಇಲ್ಲಿವರೆಗೆ ನಿನ್ನದು, ಅಲ್ಲಿಂದ ಯಾರದೂ ಅಲ್ಲ" ಅಂತ ಬರೆದು ಸಹಿ ಹಾಕಿಕೊಂಡಿದ್ದರಿಂದ. ಕಾಗದದಲ್ಲಿ ಇಂಟರ್‌ಗವರ್ನಮೆಂಟಲ್ ಅಗ್ರಿಮೆಂಟ್ ಅಂತ ಉದ್ದ ಹೆಸರು, ನಾವು ಐಜಿಎ ಅಂತೀವಿ.

ಆ ಒಪ್ಪಂದ ಕೌಂಟಿ ಗೆರೆ ಹತ್ತಿರ ಬಂದು ನಿಂತುಹೋಗುತ್ತೆ, ನಿಮ್ಮ ಕಷ್ಟ ಅಲ್ಲಿಂದ ಶುರು. ಈರಿ ಊರಂತೂ ಅರ್ಧ ಇಲ್ಲಿ, ಅರ್ಧ ಅಲ್ಲಿ.

ತಮ್ಮಾ, ಈರಿ ಮನೆ ತಗೊಳ್ಳೋದಾದರೆ ಪ್ರಾಪರ್ಟಿ ಟ್ಯಾಕ್ಸ್ ಚೀಟಿಯಲ್ಲಿ ಮೆಟ್ರೋ ಡಿಸ್ಟ್ರಿಕ್ಟ್ ಅನ್ನೋ ಸಾಲು ಇದೆಯಾ ನೋಡಿ. ಮೆಟ್ರೋ ರೈಲಿಗೂ ಅದಕ್ಕೂ ಸಂಬಂಧ ಇಲ್ಲ. ಹೊಸ ಲೇಔಟಿನ ರಸ್ತೆ, ಪೈಪು, ಪಾರ್ಕಿಗೆ ಬಿಲ್ಡರ್ ಎತ್ತಿದ ಸಾಲವನ್ನು ಅಲ್ಲಿ ಮನೆ ಕೊಂಡವರು ವರ್ಷ ವರ್ಷ ತೀರಿಸೋ ವ್ಯವಸ್ಥೆ. ಮನೆ ಅಗ್ಗ ಅಂತ ಕಂಡಿದ್ದು ಹತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ಅಷ್ಟು ಅಗ್ಗ ಇರಲ್ಲ. ಶಾಲೆ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಲಾಂಗ್‌ಮಾಂಟೂ ಈರಿಯ ವೆಲ್ಡ್ ಕಡೆಯ ಬಹುಪಾಲೂ ಸೇಂಟ್ ವ್ರೇನ್ ಶಾಲಾ ಜಿಲ್ಲೆಗೇ ಬರುತ್ತೆ.

ಮತ್ತೆ ಹೊಲದ ಪಕ್ಕದ ಮನೆ ಬಗ್ಗೆ ಒಂದು ಮಾತು, ಇದನ್ನು ಯಾವ ಏಜೆಂಟೂ ಹೇಳಲ್ಲ. 2021ರ ಡಿಸೆಂಬರ್ 30ರಂದು ಮಾರ್ಷಲ್ ಬೆಂಕಿ ಬಂತು. ಗಂಟೆಗೆ 160 ಕಿಲೋಮೀಟರ್ ಮೀರಿದ ಗಾಳಿ, ಮಳೆ ಹಿಮ ಎರಡೂ ಕಾಣದೆ ಒಣಗಿ ನಿಂತಿದ್ದ ಹುಲ್ಲು. ಸುಪೀರಿಯರ್, ಲೂಯಿಸ್‌ವಿಲ್ ಊರುಗಳಲ್ಲಿ ಸಾವಿರಕ್ಕೂ ಹೆಚ್ಚು ಮನೆ ಒಂದೇ ದಿನದಲ್ಲಿ ಹೋದವು. ಹೊತ್ತಿಕೊಂಡ ಹುಲ್ಲು ಬಹಳಷ್ಟು ಇದೇ ತೆರಿಗೆ ದುಡ್ಡಿನಲ್ಲಿ ಕೊಂಡ ಬಯಲಿನದ್ದು. ಹುಲ್ಲು ಉಳಿಸಿದ್ದು ತಪ್ಪು ಅಂತ ಅಲ್ಲ, ಮನೆಯಿಂದ ಮನೆಗೆ ಹತ್ತಿದ್ದೇ ಹೆಚ್ಚು. ಆದರೆ ಅಂಚಿನಲ್ಲಿ ಹುಲ್ಲು ಕತ್ತರಿಸೋದು, ದನ ಬಿಟ್ಟು ಮೇಯಿಸೋದು ಯಾರ ಕೆಲಸ ಅನ್ನೋ ಪ್ರಶ್ನೆ ಆಮೇಲೆ ಜೋರಾಯ್ತು. ನಿಮ್ಮದು ನೀರಾವರಿ ಆಲ್ಫಾಲ್ಫಾ ಪಕ್ಕ, ಹಸಿ ಇರುತ್ತೆ, ಒಣಹುಲ್ಲಿನ ಪಕ್ಕದಷ್ಟು ಭಯ ಇಲ್ಲ. ಆದರೂ ಇನ್ಶೂರೆನ್ಸ್ ಕೊಟೇಷನ್ ತಗೊಂಡ ಮೇಲೇ ಮನೆಗೆ ಆಫರ್ ಹಾಕಿ. ಮನೆ ಪೂರ್ತಿ ಮತ್ತೆ ಕಟ್ಟೋಕೆ ಇವತ್ತಿನ ರೇಟಿನಲ್ಲಿ ಎಷ್ಟಾಗುತ್ತೋ ಅಷ್ಟಕ್ಕೆ ಮಾಡಿಸಿ. ಆ ಬೆಂಕಿಯಲ್ಲಿ ಮನೆ ಕಳೆದುಕೊಂಡ ಎಷ್ಟೋ ಜನಕ್ಕೆ ವಿಮೆ ಮೊತ್ತ ಸಾಲದೇ ಹೋಯ್ತು.


ರಾಘವೇಂದ್ರ, ಹಿಲ್ಸ್‌ಬರೊ:

ಆರೆಗಾನ್‌ನಿಂದ ನಮಸ್ಕಾರ. ಇಲ್ಲಿ ಚಿಪ್ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡೋ ಕನ್ನಡದವರು ಬೇಕಾದಷ್ಟು ಜನ ಇದ್ದೀವಿ, ಇದೇ ಪ್ರಶ್ನೆ ನಮ್ಮ ಗುಂಪಿನಲ್ಲೂ ಬರುತ್ತೆ.

ಇಲ್ಲಿ ಸಿಟಿ ಕೌಂಟಿ ತಾವಾಗಿ ಕೂತು ಮಾತಾಡಲಿ ಅಂತ ಕಾಯಲಿಲ್ಲ, ರಾಜ್ಯವೇ ಕಾನೂನು ಮಾಡಿತು. 1973ರ ಕಾನೂನಿನ ಪ್ರಕಾರ ಪ್ರತಿ ಊರೂ ತನ್ನ ಸುತ್ತ ಗೆರೆ ಎಳೆದುಕೊಳ್ಳಲೇಬೇಕು. ಪೋರ್ಟ್‌ಲ್ಯಾಂಡ್ ಸುತ್ತಲಿನ ಮೂರು ಕೌಂಟಿ, 24 ಊರುಗಳಿಗೆ ಸೇರಿ ಒಂದೇ ಗೆರೆ, 1979ರಿಂದ. ಅದನ್ನು ನೋಡಿಕೊಳ್ಳೋಕೆ ಮೆಟ್ರೋ ಅಂತ ಒಂದು ಸಂಸ್ಥೆ, ಅದರ ಕೌನ್ಸಿಲ್‌ಗೆ ನಾವೇ ವೋಟು ಹಾಕ್ತೀವಿ. (ಗಾಯತ್ರಿಯವರು ಹೇಳಿದ ಮೆಟ್ರೋ ಬೇರೆ, ಇದು ಬೇರೆ.)

ವ್ಯತ್ಯಾಸ ಏನಂದರೆ ಇಲ್ಲಿನ ಗೆರೆ ಸರಿಯುತ್ತೆ, ಸರಿಯಬೇಕು ಅಂತಲೇ ಮಾಡಿದ್ದು. ಮುಂದಿನ 20 ವರ್ಷಕ್ಕೆ ಬೇಕಾದಷ್ಟು ಜಾಗ ಒಳಗೆ ಇರಬೇಕು ಅಂತ ಕಾನೂನು, ಆರು ವರ್ಷಕ್ಕೊಮ್ಮೆ ಲೆಕ್ಕ. 2024ರ ಕೊನೆಗೆ ಶೆರ್‌ವುಡ್ ಪಶ್ಚಿಮದ ಸುಮಾರು 1,300 ಎಕರೆ ಒಳಗೆ ಬಂತು. ಹಾಗಾಗಿ "ಜನ್ಮದಲ್ಲಿ" ಅನ್ನೋ ಏಜೆಂಟ್ ಇಲ್ಲಿ ಸಿಕ್ಕರೆ ನಂಬಬೇಡಿ. ಇದಕ್ಕೂ ಹಿಂದೆ ಮೆಟ್ರೋ ಮತ್ತು ಮೂರು ಕೌಂಟಿ ಕೂತು ಮುಂದೆ ಊರಾಗೋ ಜಾಗ ಯಾವುದು, 50 ವರ್ಷ ಮುಟ್ಟಬಾರದ ಹೊಲ ಯಾವುದು ಅಂತ ಮೊದಲೇ ಬಣ್ಣ ಹಚ್ಚಿದರು. ಅದೂ ಕೋರ್ಟಿಗೆ ಹೋಗಿ, 2014ರಲ್ಲಿ ವಿಧಾನಸಭೆಯೇ ರಾಜಿ ಮಾಡಿಸಬೇಕಾಯ್ತು. ನಮ್ಮ ಮನೆಯಿಂದ ಹೈವೇ 26 ದಾಟಿದರೆ ಹೆಲ್ವೇಷಿಯಾ. ಸೇತುವೆ ಈ ಕಡೆ ಡೇಟಾ ಸೆಂಟರ್‌ಗಳ ಗೋಡೆ, ಆ ಕಡೆ ಹೇಜಲ್‌ನಟ್ ತೋಟ, ಹುಲ್ಲು ಬೀಜದ ಹೊಲ.

ಮನೆ ರೇಟಿನ ಗೋಳು ಇಲ್ಲೂ ಇದೆ. ನಮ್ಮವರು ಕೊಲಂಬಿಯಾ ನದಿ ದಾಟಿ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್‌ಗೆ ಹೋಗ್ತಾರೆ.


ಸುಹಾಸ್, ಯಲಹಂಕ:

ಅಲ್ಲಾ ಗುರು, ಇದನ್ನೆಲ್ಲ ಓದ್ತಾ ಓದ್ತಾ ಹೊಟ್ಟೆ ಉರೀತಿದೆ. ಇಲ್ಲೂ ಮಾಸ್ಟರ್ ಪ್ಲಾನ್‌ನಲ್ಲಿ ಹಸಿರು ಬಣ್ಣ ಇದೆ, ಕೃಷಿ ವಲಯ ಅಂತ ಬರೆದಿದೆ. ರೈತನಿಗೆ ಅದರಿಂದ ಸಿಗೋದು ಏನು? ಕಟ್ಟಬೇಡ ಅಂತಾರೆ, ಕಟ್ಟದೇ ಇರೋದಕ್ಕೆ ಒಂದು ಪೈಸೆ ಕೊಡಲ್ಲ. ಪಕ್ಕದವನು ರೆವಿನ್ಯೂ ಸೈಟು ಮಾಡಿ ಮಾರಿದರೆ ಇವನೊಬ್ಬನೇ ಯಾಕೆ ರಾಗಿ ಹಾಕಿಕೊಂಡು ಕೂರಬೇಕು? ಇಲ್ಲವಾ, ಸರ್ಕಾರವೇ ನೋಟಿಸ್ ಕೊಡುತ್ತೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಯ 1,777 ಎಕರೆಗೆ ಸಾವಿರ ದಿನ ಮೀರಿ ಧರಣಿ ಕೂತ ಮೇಲೆ, 2025ರ ಜುಲೈನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೀವಿ ಅಂದರು. ಅಲ್ಲಿ ಹೊಲ ಉಳಿಸಿಕೊಂಡಿದ್ದು ರೈತರು ಬೀದಿಯಲ್ಲಿ ಕೂತು.

ಕಟ್ಟೋ ಹಕ್ಕು ಮಾತ್ರ ಕೊಳ್ಳೋದು ಅಂದ್ರಲ್ಲ ಗಾಯತ್ರಿ ಅಕ್ಕ, ಅದಕ್ಕೆ ರೇಟು ಹೇಗೆ ಕಟ್ತಾರೆ?


ಗಾಯತ್ರಿ ತಿಪಟೂರು:

ಸುಹಾಸ್, ಎರಡು ಸಲ ಬೆಲೆ ಕಟ್ತಾರೆ. ಕಟ್ಟೋಕೆ ಅವಕಾಶ ಇದ್ದರೆ ಈ ಜಮೀನು ಎಷ್ಟಕ್ಕೆ ಹೋಗುತ್ತೆ, ಬರೀ ಉಳುಮೆಗೆ ಅಂದರೆ ಎಷ್ಟಕ್ಕೆ. ಎರಡರ ವ್ಯತ್ಯಾಸ ರೈತನಿಗೆ. ಅವನು ಹಕ್ಕನ್ನು ದಾನ ಕೊಟ್ಟರೆ ತೆರಿಗೆಯಲ್ಲಿ ಕಡಿತ ಸಿಗುತ್ತೆ. ಜಮೀನು ಅವನ ಹೆಸರಲ್ಲೇ ಇರುತ್ತೆ.

ಆದರೆ ಇಲ್ಲಿ ಎಲ್ಲರಿಗೂ ದುಡ್ಡು ಸಿಕ್ಕಿದೆ ಅಂದುಕೊಳ್ಳಬೇಡಿ. 35 ಎಕರೆ ನಿಯಮಕ್ಕೆ ಯಾರೂ ಪರಿಹಾರ ಕೊಟ್ಟಿಲ್ಲ. ಆ ನಿಯಮ ಮೊದಲೇ ಬಿಗಿಯಾಗಿದ್ದರಿಂದ ಕಟ್ಟೋ ಹಕ್ಕಿನ ಬೆಲೆಯೂ ಕಮ್ಮಿ, ಕೌಂಟಿಗೆ ಕೊಳ್ಳೋದು ಸಲೀಸು. ಇದನ್ನು ನಾನು ಹೇಳಿದರೆ ನಮ್ಮ ಆಫೀಸಿನಲ್ಲಿ ಕೆಲವರಿಗೆ ಇಷ್ಟ ಆಗಲ್ಲ. ನಿಮ್ಮ ಕಡೆ ಬರೀ ಬಣ್ಣ ಹಚ್ಚಿದರು, ಹಿಂದೆ ದುಡ್ಡಿಲ್ಲ, ಒಂದೇ ನಕ್ಷೆಗೆ ಎರಡನೇ ಸಹಿ ಇಲ್ಲ. ನನಗೆ ಕಾಣೋದು ಅಷ್ಟು.


ಬಳ್ಳಾಪುರದ ಹುಡುಗ:

ಅಕ್ಕ, ಎಲ್ಲರಿಗೂ ಥ್ಯಾಂಕ್ಸ್. ಮಂಜಣ್ಣ ಕೋಪ ಮಾಡ್ಕೋಬೇಡಿ, ಲಾಂಗ್‌ಮಾಂಟ್ ಮನೆಗೇ ಆಫರ್ ಹಾಕ್ತಿದ್ದೀವಿ. ಈರಿ ಮನೆಯ ಮೆಟ್ರೋ ಡಿಸ್ಟ್ರಿಕ್ಟ್ ತೆರಿಗೆ ನೋಡಿದ ಮೇಲೆ ಹೆಂಡತಿಯೇ ಬೇಡ ಅಂದಳು. ಅಡುಗೆಮನೆ ಒಡೆಸಿಕೊಡ್ತೀನಿ ಅಂತ ನಾನು ಮಾತು ಕೊಟ್ಟಿದ್ದೀನಿ.

ಕೊನೇ ಪ್ರಶ್ನೆ. ಹಿತ್ತಲ ಕೊನೆಯಲ್ಲಿ ಬೇಲಿಗೆ ಒತ್ತಿಕೊಂಡೇ ಒಂದು ಕಾಲುವೆ ಹೋಗುತ್ತೆ. ಅದರ ದಡದಲ್ಲಿ ಒಂದು ನುಗ್ಗೆ ಗಿಡ, ಕರಿಬೇವು... ಸರಿ ಸರಿ, ಇಲ್ಲಿ ಬದುಕಲ್ಲ, ಗೊತ್ತು. ಸೇಬಿನ ಗಿಡ ಹಾಕಬಹುದಾ?


ಗಾಯತ್ರಿ ತಿಪಟೂರು:

ಹಾಕಬೇಡಿ. ಕಾಲುವೆ ನಿಮ್ಮ ಸೈಟಿನೊಳಗೇ ಹರಿದರೂ ಅದರ ದಡದ ಮೇಲೆ ಓಡಾಡೋ ಹಕ್ಕು ಕಾಲುವೆ ಕಂಪನಿಯದ್ದು. ವಸಂತದಲ್ಲಿ ನೀರು ಬಿಡೋ ಮುಂಚೆ ಹೂಳು ತೆಗೆಯೋಕೆ ಜೆಸಿಬಿ ತರ್ತಾರೆ, ಕಳೆಗೆ ಬೆಂಕಿನೂ ಹಾಕ್ತಾರೆ. ಗಿಡ, ಶೆಡ್ಡು, ಹೊಸ ಬೇಲಿ, ಏನು ಅಡ್ಡ ಇದ್ದರೂ ಕಿತ್ತು ಪಕ್ಕಕ್ಕಿಡ್ತಾರೆ, ಕೇಳೋ ಹಾಗಿಲ್ಲ. ಟೈಟಲ್ ಕಾಗದ ಬರುತ್ತಲ್ಲ, ಅದರಲ್ಲಿ ಎಕ್ಸೆಪ್ಷನ್ಸ್ ಅನ್ನೋ ಪುಟದಲ್ಲಿ ಡಿಚ್ ಈಸ್‌ಮೆಂಟ್, ಅಂದರೆ ಕಾಲುವೆ ಕಂಪನಿಗೆ ಹಕ್ಕಿರೋ ದಡದ ಪಟ್ಟಿ, ಎಷ್ಟು ಅಡಿ ಅಂತ ಹುಡುಕಿ. ಅಗಲ ಬರೆದಿಲ್ಲ ಅಂದರೆ ಕಂಪನಿಗೆ ಒಂದು ಇಮೇಲ್ ಹಾಕಿ, ಲಿಖಿತವಾಗಿ ಉತ್ತರ ತರಿಸಿಕೊಂಡು ಆಮೇಲೆ ಸೇಬಿನ ಜಾಗ ನೋಡಿ.